ನಿಂಬೆರಸಕ್ಕೆ ಎಣ್ಣೆಯ ಜೊತೆ ಯಾಕೆ ಬೇಕು?

ಎಲ್ಲರಿಗೂ ನಮಸ್ಕಾರ.

ನಿಂಬೆ, ಕಿತ್ತಳೆ ಹಿಂಡಿದ ಸಲಾಡ್ ಡ್ರೆಸಿಂಗ್ ಅಂದ ಕೂಡಲೇ "ವಿಟಮಿನ್ ಸಿ ಸಿಗುತ್ತದೆ" ಎನ್ನುವುದು ರೂಢಿ. ಮೊದಲು ಆ ಲೆಕ್ಕವನ್ನೇ ನೋಡಿಬಿಡೋಣ. 100 ಗ್ರಾಂ ನಿಂಬೆರಸದಲ್ಲಿ ಸುಮಾರು 30ರಿಂದ 40 ಮಿಲಿಗ್ರಾಂ ವಿಟಮಿನ್ ಸಿ ಇರುತ್ತದೆ, ಕಿತ್ತಳೆ ರಸದಲ್ಲಿ 50ರ ಆಸುಪಾಸು. ಆದರೆ ಡ್ರೆಸಿಂಗನ್ನು ಯಾರೂ ಲೋಟದಲ್ಲಿ ಕುಡಿಯುವುದಿಲ್ಲ. ಒಬ್ಬರ ಪಾಲಿಗೆ ಬರುವ ರಸ ಒಂದು ದೊಡ್ಡ ಚಮಚಕ್ಕೂ ಕಡಿಮೆ. ಅದರಲ್ಲಿ ಸಿಗುವುದು ಸುಮಾರು 5 ಮಿಲಿಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ದಿನಕ್ಕೆ ಹೇಳಿರುವುದು 45 ಮಿಲಿಗ್ರಾಂ.

ಅಂದರೆ ಡ್ರೆಸಿಂಗ್ ತಾನಾಗಿ ಕೊಡುವುದು ಕಡಿಮೆ, ಕೊಡಿಸುವುದು ಹೆಚ್ಚು. ಕ್ಯಾರೆಟ್‌ನ ಬೀಟಾ ಕ್ಯಾರೊಟಿನ್, ಟೊಮೆಟೊದ ಲೈಕೋಪಿನ್, ಪಾಲಕ್‌ನ ಲ್ಯೂಟಿನ್ ಇವೆಲ್ಲ ಕ್ಯಾರೊಟಿನಾಯ್ಡ್ ಎಂಬ ಬಣ್ಣದ ಪೋಷಕಾಂಶಗಳು, ಕೊಬ್ಬಿನಲ್ಲಿ ಕರಗುವಂಥವು. ಎಣ್ಣೆಯಂಶವೇ ಇಲ್ಲದಿದ್ದರೆ ಕರುಳು ಇವನ್ನು ಹೀರಿಕೊಳ್ಳುವುದು ಕಷ್ಟ. ಅಮೆರಿಕದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಒಂದೇ ಬಗೆಯ ಸಲಾಡಿಗೆ ಮೂರು ಡ್ರೆಸಿಂಗ್ ಹಾಕಿ ಕೊಟ್ಟರು: ಎಣ್ಣೆಯೇ ಇಲ್ಲದ್ದು, 6 ಗ್ರಾಂ ಎಣ್ಣೆಯದು, 28 ಗ್ರಾಂ ಎಣ್ಣೆಯದು. ಎಣ್ಣೆಯಿಲ್ಲದ ಸಲಾಡ್ ತಿಂದವರಲ್ಲಿ ಕ್ಯಾರೊಟಿನಾಯ್ಡ್‌ಗಳು ಹೀರಿಕೆಯಾದದ್ದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಎಣ್ಣೆ ಹೆಚ್ಚಿದಂತೆ ಹೀರಿಕೆಯೂ ಹೆಚ್ಚಿತು. ಪಾಲ್ಗೊಂಡವರು ಏಳೇ ಜನ, ನಿಜ. ಆದರೂ "ಫ್ಯಾಟ್ ಫ್ರೀ" ಎಂದು ಬರೆದ ಬಾಟಲಿ ಆರೋಗ್ಯದ ಗುರುತು ಎಂದು ನನಗಂತೂ ಅನ್ನಿಸುವುದಿಲ್ಲ. ಎಣ್ಣೆ ತೆಗೆದ ಜಾಗಕ್ಕೆ ಎಷ್ಟೋ ಸಲ ಸಕ್ಕರೆಯೋ ಪಿಷ್ಟವೋ ಬಂದು ಕೂತಿರುತ್ತದೆ. ಹಿಂಬದಿಯ ಲೇಬಲ್ ಓದಿ.

ನಾಲ್ಕು ಜನರಿಗೆ ಅಳತೆ ಹೀಗಿರಲಿ. ನಿಂಬೆರಸ 2 ದೊಡ್ಡ ಚಮಚ, ಕಿತ್ತಳೆ ರಸ 1, ಎಣ್ಣೆ 3, ಸಾಸಿವೆ ಪೇಸ್ಟ್ 1 ಸಣ್ಣ ಚಮಚ, ಉಪ್ಪು ಕಾಲು ಸಣ್ಣ ಚಮಚ. ತಲಾ 10 ಗ್ರಾಂ ಎಣ್ಣೆ ಆಯಿತು, ಅಂದರೆ ಸುಮಾರು 90 ಕ್ಯಾಲೊರಿ. ಎಣ್ಣೆ ಯಾವುದಾದರೂ ಕ್ಯಾಲೊರಿ ಅಷ್ಟೇ. ಆಲಿವ್ ಎಣ್ಣೆಗೂ ರಿಯಾಯಿತಿ ಇಲ್ಲ. ಬಾಟಲಿಯಿಂದ ನೇರ ಸುರಿದರೆ ಇದು ಸಲೀಸಾಗಿ ಎರಡು ಪಟ್ಟಾಗುತ್ತದೆ, ಹಾಗಾಗಿ ಚಮಚ ಬಿಡಬೇಡಿ.

ಮಾಡುವಾಗ ಕ್ರಮ ಮುಖ್ಯ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ಆದ್ದರಿಂದ ಮೊದಲು ರಸದಲ್ಲೇ ಕರಗಿಸಿ. ಆಮೇಲೆ ಸಾಸಿವೆ ಪೇಸ್ಟ್. ಈಗ ಒಂದು ಕೈಯಲ್ಲಿ ಫೋರ್ಕ್ ಹಿಡಿದು ಬಿಡದೆ ಕಡೆಯುತ್ತಾ, ಇನ್ನೊಂದು ಕೈಯಿಂದ ಎಣ್ಣೆಯನ್ನು ನೂಲಿನಂತೆ ಇಳಿಸಿ. ತಿಳಿಯಾಗಿದ್ದ ರಸ ಮಸುಕಾಗಿ, ಮಂದವಾಗಿ, ಫೋರ್ಕಿಗೆ ಅಂಟತೊಡಗುತ್ತದೆ. ಎಣ್ಣೆ ಸಣ್ಣ ಸಣ್ಣ ಹನಿಗಳಾಗಿ ಒಡೆದು ರಸದಲ್ಲಿ ಹರಡಿಕೊಂಡಿದೆ ಎಂದರ್ಥ. ಸಾಸಿವೆ ಸಿಪ್ಪೆಯ ಲೋಳೆ ಆ ಹನಿಗಳು ಮತ್ತೆ ಕೂಡದಂತೆ ತಡೆಯುತ್ತದೆ. ಎಣ್ಣೆ ಒಮ್ಮೆಲೇ ಸುರಿದರೆ ಬೇರ್ಪಟ್ಟು ಮೇಲೆ ತೇಲುತ್ತದೆ. ಆಗ ಬಿಸಾಡಬೇಕಿಲ್ಲ, ಬೇರೆ ಬಟ್ಟಲಲ್ಲಿ ಅರ್ಧ ಚಮಚ ಸಾಸಿವೆ ಪೇಸ್ಟ್ ಹಾಕಿ, ಕೆಟ್ಟದ್ದನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಕಡೆದರೆ ಕೂಡಿಕೊಳ್ಳುತ್ತದೆ. ಘಮಕ್ಕೆ ನಿಂಬೆ, ಕಿತ್ತಳೆ ಸಿಪ್ಪೆಯ ಬಣ್ಣದ ಪದರವನ್ನಷ್ಟೇ ತುರಿಯಿರಿ, ಒಳಗಿನ ಬಿಳಿ ಭಾಗ ಕಹಿ.

ಸೊಪ್ಪು ಒದ್ದೆಯಿದ್ದರೆ ಡ್ರೆಸಿಂಗ್ ಜಾರಿ ಬಟ್ಟಲ ತಳ ಸೇರುತ್ತದೆ, ಕೊನೆಗೆ ಅದು ಹೋಗುವುದು ಸಿಂಕಿಗೆ. ಒರೆಸಿ ಒಣಗಿಸಿ, ತಿನ್ನುವ ಹೊತ್ತಿಗೆ ಮಾತ್ರ ಕಲಸಿ. ಮೊದಲೇ ಕಲಸಿಟ್ಟರೆ ಉಪ್ಪು ಎಲೆಯ ನೀರನ್ನು ಎಳೆಯುತ್ತದೆ, ಹುಳಿ ಹಸಿರನ್ನು ಕಂದಿಸುತ್ತದೆ.

ಇನ್ನು ಕಬ್ಬಿಣದ ವಿಷಯ. ಸಸ್ಯಾಹಾರದ ಕಬ್ಬಿಣವನ್ನು ವಿಟಮಿನ್ ಸಿ ಸುಲಭವಾಗಿ ಹೀರಿಕೆಯಾಗುವ ರೂಪಕ್ಕೆ ತರುತ್ತದೆ, ಎರಡೂ ಒಂದೇ ಊಟದಲ್ಲಿದ್ದರೆ ಮಾತ್ರ. ಇದಕ್ಕೆ 5 ಮಿಲಿಗ್ರಾಂ ಸಾಲದು. ಬೇಯಿಸಿದ ಕಡಲೆಯ ಸಲಾಡಿಗೆ ಅರ್ಧ ಕಿತ್ತಳೆಯ ತೊಳೆಗಳನ್ನೂ ಹಾಕಿ, 30 ಮಿಲಿಗ್ರಾಂ ದಾಟುತ್ತದೆ. ಊಟದ ಜೊತೆಗೇ ಚಹಾ ಕುಡಿದರೆ ಈ ಲಾಭದಲ್ಲಿ ಒಂದು ಪಾಲು ಕೈತಪ್ಪಿತು.

ಹುಳಿಯಿದ್ದಲ್ಲಿ ಕಡಿಮೆ ಉಪ್ಪೂ ಸಾಕೆನಿಸುತ್ತದೆ. ರಕ್ತದೊತ್ತಡ ಇರುವವರಿಗೆ ಇದು ದೊಡ್ಡ ಅನುಕೂಲ. ಜೇನು ಸೇರಿಸುವುದಾದರೆ ಅರ್ಧ ಸಣ್ಣ ಚಮಚಕ್ಕೆ ನಿಲ್ಲಿಸಿ, ಒಂದು ವರ್ಷ ತುಂಬದ ಮಗುವಿಗೆ ಜೇನು ಬೇಡವೇ ಬೇಡ. ಹಸಿ ಬೆಳ್ಳುಳ್ಳಿ ಹಾಕಿದ ಡ್ರೆಸಿಂಗನ್ನು ಹೊರಗಿಡಬೇಡಿ: ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿ ಬೊಟುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾಕ್ಕೆ ಹೇಳಿಮಾಡಿಸಿದ ಜಾಗ. ಫ್ರಿಜ್‌ನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ.

ಕಿತ್ತಳೆಯ ಬದಲು ಚಕ್ಕೋತದ ಜಾತಿಯ ಗ್ರೇಪ್‌ಫ್ರೂಟ್ ಬಳಸುವವರಿಗೆ ಒಂದು ಎಚ್ಚರಿಕೆ. ಅದರಲ್ಲಿರುವ ಫ್ಯೂರಾನೊಕೂಮರಿನ್ ಎಂಬ ರಾಸಾಯನಿಕ‌ಗಳು ಕರುಳಿನಲ್ಲಿ ಔಷಧಿಯನ್ನು ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತವೆ, ಔಷಧಿಯ ಮಟ್ಟ ರಕ್ತದಲ್ಲಿ ಏರುತ್ತದೆ. 1989ರಲ್ಲಿ ಕೆನಡಾದಲ್ಲಿ ಇದು ಗೊತ್ತಾದದ್ದೂ ಆಕಸ್ಮಿಕವಾಗಿ, ಪ್ರಯೋಗದಲ್ಲಿ ಮದ್ಯದ ರುಚಿ ಮರೆಮಾಚಲು ಈ ಹಣ್ಣಿನ ರಸ ಬೆರೆಸಿದ್ದರಿಂದ. ಕೊಲೆಸ್ಟ್ರಾಲಿನ ಸಿಮ್ವಾಸ್ಟಾಟಿನ್, ರಕ್ತದೊತ್ತಡದ ಫೆಲೋಡಿಪಿನ್‌ನಂಥ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಈ ಹಣ್ಣು ಮುಟ್ಟಬಾರದು. ಮಾತ್ರೆ ಬೆಳಿಗ್ಗೆ, ಸಲಾಡ್ ರಾತ್ರಿ ಎಂದು ಹೊತ್ತು ಬದಲಿಸಿದರೂ ಆಗದು. ಪರಿಣಾಮ ಒಂದು ದಿನಕ್ಕೂ ಮೀರಿ ಉಳಿಯುತ್ತದೆ.