ಆಕಾರಗಳನ್ನು ಗುಣಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಇವತ್ತು ನಿಮಗೆ ಒಂದು ಪುಟ್ಟ ಸಮೀಕರಣ ತೋರಿಸಬೇಕು ಅಂತ ಬಂದಿದ್ದೇನೆ. ಅದಕ್ಕೆ ಸ್ವಲ್ಪ ತಯಾರಿ ಬೇಕು.

ಒಳಗಿನ ಯಾವ ಎರಡು ಬಿಂದುಗಳನ್ನು ತೆಗೆದುಕೊಂಡರೂ ನಡುವಿನ ಗೆರೆ ಪೂರ್ತಿ ಒಳಗೇ ಇದ್ದರೆ, ಆ ಆಕಾರ ಪೀನ. ಗೆರೆತುಂಡು, ತ್ರಿಕೋನ, ಘನ ಎಲ್ಲವೂ ಪೀನವೇ. ಇಂಥದ್ದೊಂದನ್ನು ಎರಡು ತುಂಡು ಮಾಡಿ. ಕತ್ತರಿಸಿದ ಜಾಗ ಎರಡೂ ತುಂಡಿಗೆ ಸೇರುತ್ತದೆ, ಅಲ್ವಾ? ಪ್ರತಿ ಆಕಾರಕ್ಕೂ ಒಂದು ಸಂಖ್ಯೆ ಕೊಡೋಣ, ಅದೇ ಅದರ ಬೆಲೆ. ಹಾಗಾಗಿ ತುಂಡುಗಳ ಬೆಲೆ ಕೂಡಿಸಿ, ಆ ಗಡಿಯ ಬೆಲೆಯನ್ನು ಒಮ್ಮೆ ಕಳೆದರೆ ಇಡೀ ಆಕಾರದ ಬೆಲೆ ಬರಬೇಕು. ಹೀಗೆ ನಡೆದುಕೊಳ್ಳುವ ಅಳತೆಗೆ ವ್ಯಾಲ್ಯುಯೇಷನ್ ಅಂತ ಹೆಸರು. ವಿಸ್ತೀರ್ಣ, ಘನಫಲ, ಆಕಾರದಲ್ಲಿರುವ ಪೂರ್ಣಾಂಕ ಬಿಂದುಗಳ (ನಿರ್ದೇಶಾಂಕಗಳೆಲ್ಲ ಪೂರ್ಣಾಂಕಗಳಾಗಿರುವ ಬಿಂದುಗಳ) ಎಣಿಕೆ ಎಲ್ಲವೂ ಇದೇ ಜಾತಿ.

ಇದರ ಶಕ್ತಿ ಸಣ್ಣದಲ್ಲ. 1900ರಲ್ಲಿ ಗಣಿತಜ್ಞ ಡೇವಿಡ್ ಹಿಲ್ಬರ್ಟ್ ಕೊಟ್ಟ ಪ್ರಶ್ನೆಗಳ ಪಟ್ಟಿಯಲ್ಲಿ ಮೂರನೆಯದು ಹೆಚ್ಚುಕಡಿಮೆ ಹೀಗಿತ್ತು: ಎರಡು ಬಹುಫಲಕಗಳ (ಚಪ್ಪಟೆ ಮುಖಗಳ ಘನಾಕೃತಿಗಳ) ಘನಫಲ ಸಮ ಇದ್ದರೆ ಸಾಕೇ, ಒಂದನ್ನು ಕತ್ತರಿಸಿ ಇನ್ನೊಂದನ್ನು ಜೋಡಿಸಬಹುದೇ? ಅವರ ಶಿಷ್ಯ ಮ್ಯಾಕ್ಸ್ ಡೆನ್ ಅಂಚುಗಳ ಉದ್ದವನ್ನೂ ಅಲ್ಲಿನ ಕೋನವನ್ನೂ ಹೆಣೆದು, ಕತ್ತರಿಸಿ ಜೋಡಿಸಿದರೂ ಬದಲಾಗದ ಹೊಸ ಅಳತೆಯೊಂದನ್ನು ಕಟ್ಟಿದರು. ಘನಕ್ಕೆ ಅದು ಸೊನ್ನೆ, ಸಮ ಚತುರ್ಮುಖಿಗೆ (ನಾಲ್ಕು ಸಮಬಾಹು ತ್ರಿಕೋನಗಳ ಆಕೃತಿಗೆ) ಸೊನ್ನೆಯಲ್ಲ. ಅಲ್ಲಿಗೆ ಉತ್ತರ: ಆಗುವುದಿಲ್ಲ.

ಈಗ ನನಗೆ ತುಂಬಾ ಇಷ್ಟವಾದ ಭಾಗ. 1989ರಲ್ಲಿ ಗಣಿತಜ್ಞ ಪೀಟರ್ ಮ್ಯಾಕ್‌ಮಲ್ಲೆನ್ ಆಕಾರಗಳನ್ನೇ ಸಂಖ್ಯೆಗಳ ಹಾಗೆ ಬಳಸುವ ಬೀಜಗಣಿತ ಕೊಟ್ಟರು. ಕೂಡುವುದಕ್ಕೆ ಕತ್ತರಿಸುವ ನಿಯಮವೇ ಆಧಾರ. ಆಕಾರವನ್ನು ಜರುಗಿಸಿದರೂ ಬೆಲೆ ಬದಲಾಗದು. ಗುಣಿಸಲು ಮಿಂಕೋವ್ಸ್ಕಿ ಮೊತ್ತ: ಒಂದರ ಪ್ರತಿ ಬಿಂದುವಿಗೂ ಇನ್ನೊಂದರ ಪ್ರತಿ ಬಿಂದುವನ್ನು ಕೂಡಿಸಿದಾಗ ಸಿಗುವ ಆಕಾರ. ಒಂಟಿ ಬಿಂದು ಇಲ್ಲಿ 1, ಅದರಿಂದ ಗುಣಿಸಿದರೆ ಏನೂ ಬದಲಾಗದು.

ಒಂದು ಗೆರೆತುಂಡನ್ನು ಗ ಅನ್ನೋಣ. ಗ × ಗ ಅಂದರೆ ಎರಡರಷ್ಟು ಉದ್ದದ ಗೆರೆ. ಅದನ್ನು ಮಧ್ಯಕ್ಕೆ ಕತ್ತರಿಸಿ: ಎರಡು ಗ, ನಡುವೆ ಒಂದು ಬಿಂದು. ಅಂದರೆ ಗ² = 2ಗ − 1. ಎಡಕ್ಕೆ ತನ್ನಿ:

(ಗ − 1)² = 0

ಸೊನ್ನೆಯಲ್ಲದ ವಸ್ತು, ಅದರ ವರ್ಗ ಸೊನ್ನೆ! ಸುಮ್ನೆ ಒಂದು ಗೆರೆಯನ್ನು ಕತ್ತರಿಸಿದ್ದಷ್ಟೇ ನಾವು. ಸಮತಲದ ಯಾವುದೇ ಪೀನ ಬಹುಭುಜ ಬ ತೆಗೆದುಕೊಂಡರೂ (ಬ − 1)³ = 0. ಮೂರು ಆಯಾಮದಲ್ಲಿ ನಾಲ್ಕನೇ ಘಾತ ಬೇಕು, ಮುಂದಕ್ಕೂ ಹಾಗೆಯೇ.

ಇದರಿಂದ ಏನು ಉಪಯೋಗ? ಬ ಅನ್ನು ನ ಪಟ್ಟು ಹಿಗ್ಗಿಸಿದರೆ ಸಿಗುವುದು ಬ ದ ನ-ನೇ ಘಾತ. ಬ ಅನ್ನು 1 + (ಬ − 1) ಅಂತ ಬರೆದು ಬಿಡಿಸಿ. ಮೂರು ಪದ ಆದಮೇಲೆ ಎಲ್ಲವೂ ಸೊನ್ನೆ. ಹಾಗಾಗಿ ಜರುಗಿಸಿದರೆ ಬದಲಾಗದ ಯಾವ ವ್ಯಾಲ್ಯುಯೇಷನ್ ಇಟ್ಟರೂ ಉತ್ತರ ನ ದ ಬಹುಪದಿ, ಘಾತ 2ಕ್ಕಿಂತ ಜಾಸ್ತಿಯಿಲ್ಲ.

ಪೂರ್ಣಾಂಕ ಬಿಂದುಗಳನ್ನು ಎಣಿಸುವಾಗ ಮೂಲೆಗಳೂ ಜರುಗಿಸುವ ದೂರವೂ ಪೂರ್ಣಾಂಕವೇ ಇರಬೇಕು, ಅಷ್ಟೇ. ಬಾಹು 1ರ ಚೌಕ ನೋಡಿ. ಬಿಂದುವಿನಲ್ಲಿ 1, ಚೌಕದಲ್ಲಿ 4, ಎರಡು ಪಟ್ಟಿನಲ್ಲಿ 9. ಆಗ (ಬ − 1)ರ ಬೆಲೆ 3, ಅದರ ವರ್ಗದ ಬೆಲೆ 9 − 8 + 1 = 2. ಹತ್ತು ಪಟ್ಟಿಗೆ 1 + 10×3 + 45×2 = 121 (45 ಅಂದರೆ ಬಿಡಿಸಿದಾಗ ಬರುವ 10×9÷2). ಬಿಡಿಸಿ ಎಣಿಸಿದರೂ 11×11, ಅಷ್ಟೇ.

ಮ್ಯಾಕ್‌ಮಲ್ಲೆನ್ ಇಲ್ಲಿಗೆ ನಿಲ್ಲಲಿಲ್ಲ. ಸರಳ ಬಹುಫಲಕಗಳಿಗೆ (ಪ್ರತಿ ಮೂಲೆಯಲ್ಲೂ ಆಯಾಮದಷ್ಟೇ ಅಂಚುಗಳು ಸೇರುವಂಥವುಗಳಿಗೆ) ಎಷ್ಟು ಮೂಲೆ, ಎಷ್ಟು ಅಂಚು, ಎಷ್ಟು ಮುಖ ಇರಬಹುದು ಅನ್ನುವ ಮಿತಿಗಳನ್ನು 1980ರಲ್ಲಿ ರಿಚರ್ಡ್ ಸ್ಟ್ಯಾನ್ಲಿ ಬೀಜೀಯ ಜ್ಯಾಮಿತಿಯ ಭಾರೀ ಸಾಧನಗಳಿಂದ ಸಾಧಿಸಿದ್ದರು. 1993ರಲ್ಲಿ ಮ್ಯಾಕ್‌ಮಲ್ಲೆನ್ ಅದನ್ನೇ ಈ ಬೀಜಗಣಿತದಿಂದ, ಪೀನ ಆಕಾರಗಳ ಲೋಕ ಬಿಟ್ಟು ಹೊರಗೆ ಹೋಗದೆ, ಸಾಧಿಸಿ ತೋರಿಸಿದರು.