ಮಗುವಿನ ಬ್ಯಾಟರಿ ಕಾರು: ಸ್ಪೀಡ್ ಮಾಡಿಸುವ ಮುಂಚೆ

ಕೇಳುಗರೆಲ್ಲರಿಗೂ ನಮಸ್ಕಾರ.

ದಸರಾ ವಸ್ತುಪ್ರದರ್ಶನ ನೋಡಿ ಬಂದ ಮೇಲೆ ನಮ್ಮ ಮೈಸೂರಿನ ಎಷ್ಟೋ ಮನೆಗಳಲ್ಲಿ ಮಕ್ಕಳದ್ದು ಒಂದೇ ಹಟ. ಕೂತು ಓಡಿಸುವ ಬ್ಯಾಟರಿ ಕಾರು ಬೇಕು. ಹುಟ್ಟುಹಬ್ಬಕ್ಕೋ ದೀಪಾವಳಿಗೋ ಕಾರು ಬರುತ್ತದೆ. ಸ್ವಲ್ಪ ದಿನ ಅಕ್ಕಪಕ್ಕದ ಮಕ್ಕಳೆಲ್ಲ ಅದರ ಸುತ್ತಲೇ. ಆಮೇಲೆ ಹೊಸ ರಾಗ ಶುರು. "ಅಪ್ಪಾ, ಇದು ಓಡೋದೇ ಇಲ್ಲ, ಸ್ಪೀಡ್ ಮಾಡಿಸು." ಆಗ ಆ ಕಾರು ನಮ್ಮಂಥ ಮೋಟಾರು, ಬ್ಯಾಟರಿ ರಿಪೇರಿಯವರ ಹತ್ತಿರ ಬರುತ್ತದೆ. ಅಪ್ಪಂದಿರು ಕೇಳುವುದೂ ಹೆಚ್ಚುಕಮ್ಮಿ ಒಂದೇ ಮಾತು. "12 ವೋಲ್ಟ್ ತೆಗೆದು 24 ಹಾಕಿಕೊಡಿ."

ಹಾಕಬಹುದು. ಕಾರು ಓಡುತ್ತದೆ ಕೂಡ. ಆದರೆ ನಿಲ್ಲುತ್ತದೆಯೇ ಅನ್ನುವುದನ್ನು ಮೊದಲು ನೋಡಿ ಅಂತ ನಾನು ಹೇಳುತ್ತೇನೆ.

ಅದಕ್ಕೂ ಮುಂಚೆ, ಕಾರು ನಿಜವಾಗಿ ನಿಧಾನವೋ, ಸೊರಗಿದೆಯೋ ನೋಡಿಕೊಳ್ಳಿ. 12 ವೋಲ್ಟಿನ ಆಟದ ಕಾರು ಸಾಮಾನ್ಯವಾಗಿ ಗಂಟೆಗೆ 3ರಿಂದ 5 ಕಿಲೋಮೀಟರ್ ಹೋಗುತ್ತದೆ. ಅಂದರೆ ದೊಡ್ಡವರ ನಡಿಗೆಯಷ್ಟು. ಅಷ್ಟೂ ಹೋಗುತ್ತಿಲ್ಲ ಅಂದರೆ ಹೆಚ್ಚಿನ ಸಲ ತೊಂದರೆ ಬ್ಯಾಟರಿಯದ್ದೇ. ಒಳಗಿರುವುದು ಯುಪಿಎಸ್‌ನಲ್ಲಿ ಹಾಕುವಂಥ ಸೀಸದ ಬ್ಯಾಟರಿ. ಮಳೆಗಾಲ ಪೂರ್ತಿ ಕಾರನ್ನು ಮೆಟ್ಟಿಲ ಕೆಳಗೆ ಚಾರ್ಜ್ ಇಲ್ಲದೆ ಬಿಟ್ಟರೆ ಒಳಗಿನ ಪ್ಲೇಟುಗಳ ಮೇಲೆ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಮೊದಲಿನಂತಾಗುವುದಿಲ್ಲ. ಮೀಟರ್ ಇಟ್ಟರೆ 12.6 ವೋಲ್ಟ್, ಅಂದರೆ ಪೂರ್ತಿ ಚಾರ್ಜ್ ಅಂತ ತೋರಿಸಬಹುದು, ನಂಬಬೇಡಿ. ಮಗು ಕೂತು ಪೆಡಲ್ ಒತ್ತಿದಾಗ ಅಳೆಯಿರಿ. ಆಗ 10ಕ್ಕಿಂತ ಕೆಳಗೆ ಇಳಿದರೆ ಆ ಬ್ಯಾಟರಿಯ ಕಥೆ ಮುಗಿಯಿತು. ಅದೇ ಅಳತೆಯ ಹೊಸ ಬ್ಯಾಟರಿ ಹಾಕಿಸಿ. ಸ್ಪೀಡ್ ಸಾಲದು ಅನ್ನುತ್ತಿದ್ದ ಎಷ್ಟೋ ಮಕ್ಕಳು ಅಷ್ಟಕ್ಕೇ ಖುಷಿಯಾಗುತ್ತಾರೆ.

ಇನ್ನೊಂದು. ಎರಡು ಮೋಟಾರಿನ ಕೆಲವು ಕಾರುಗಳಲ್ಲಿ ಹೈ, ಲೋ ಅಂತ ಸ್ವಿಚ್ ಇರುತ್ತದೆ. ಲೋನಲ್ಲಿ ಎರಡೂ ಮೋಟಾರು ಒಂದರ ಹಿಂದೆ ಒಂದು ಸೇರಿಕೊಂಡು, ತಲಾ 6 ವೋಲ್ಟ್ ಮಾತ್ರ ಸಿಗುತ್ತದೆ. ಚಿಕ್ಕ ಮಕ್ಕಳು ಹೈ ಹಾಕದ ಹಾಗೆ ಕಂಪನಿಯವರೇ ಅಡ್ಡ ಒಂದು ಸ್ಕ್ರೂ ಬಿಗಿದಿರುವುದೂ ಉಂಟು. ಅದನ್ನು ನೋಡದೆ ಸುಮ್ನೆ ದೊಡ್ಡ ಬ್ಯಾಟರಿ ತಂದವರಿದ್ದಾರೆ.

ಇಷ್ಟೆಲ್ಲ ನೋಡಿದ ಮೇಲೂ ಸ್ಪೀಡ್ ಬೇಕೇಬೇಕು ಅನ್ನಿ. ವೋಲ್ಟೇಜ್ ಎಷ್ಟು ಪಾಲು ಏರಿತೋ ಮೋಟಾರಿನ ಸುತ್ತು ಹೆಚ್ಚುಕಮ್ಮಿ ಅಷ್ಟೇ ಪಾಲು ಏರುತ್ತದೆ. 12ರ ಜಾಗಕ್ಕೆ 24 ಬಂದರೆ ಸ್ಪೀಡ್ ಎರಡರಷ್ಟು. ಆದರೆ ಮೋಟಾರು ಎಳೆಯುವ ಕರೆಂಟೂ ಏರುವುದರಿಂದ ಅದರೊಳಗೆ ಹುಟ್ಟುವ ಕಾವು ನಾಲ್ಕರಷ್ಟಾಗಬಹುದು. ಆ ಕಾವು ಹೋಗುವುದೆಲ್ಲಿಗೆ? ಹಾಗೆ ಓಡಿಸಿದ ಮೋಟಾರು ಬಿಚ್ಚಿದರೆ ಮೊದಲು ಮೂಗಿಗೆ ಬಡಿಯುವುದು ಸುಟ್ಟ ವಾರ್ನಿಶ್ ವಾಸನೆ. ಕೆಂಪಗೆ ಹೊಳೆಯಬೇಕಾದ ತಾಮ್ರದ ಸುತ್ತು ಕಾಫಿಪುಡಿ ಬಣ್ಣಕ್ಕೆ ತಿರುಗಿರುತ್ತದೆ. ಕಾರ್ಬನ್ ಬ್ರಷ್ ಸವೆದು ಒಳಗೆಲ್ಲ ಕರಿಪುಡಿ. ಅದರ ಪಕ್ಕದ ಗೇರ್ ಬಾಕ್ಸ್ ಬಿಚ್ಚಿ. ಗ್ರೀಸಿನ ಮಧ್ಯೆ ಬಿಳಿ ಪ್ಲಾಸ್ಟಿಕ್ ಚೂರುಗಳು ಸಿಗುತ್ತವೆ. ಅವು ಗೇರಿನ ಹಲ್ಲುಗಳು.

ಪ್ಲಾಸ್ಟಿಕ್ ಚಕ್ರ ನುಣ್ಣಗೆ ಇರುವುದು ಖರ್ಚು ಉಳಿಸುವುದಕ್ಕೇ ಇರಬಹುದು. ಆದರೆ ಅದರಿಂದ ಒಂದು ಉಪಕಾರವಿದೆ. ಪೆಡಲ್ ಒತ್ತಿದಾಗ ಚಕ್ರ ಸ್ವಲ್ಪ ಜಾರುತ್ತದೆ, ಆ ಜಾರಿಕೆಯಲ್ಲೇ ಗೇರಿನ ಹಲ್ಲು ಉಳಿಯುತ್ತದೆ. ಹಿಡಿತ ಬರಲಿ ಅಂತ ಚಕ್ರಕ್ಕೆ ಹಳೇ ಟ್ಯೂಬಿನ ರಬ್ಬರ್ ಸುತ್ತಿ, ಮೇಲಿಂದ 24 ವೋಲ್ಟನ್ನೂ ಕೊಟ್ಟರೆ ಪೆಟ್ಟೆಲ್ಲ ನೇರವಾಗಿ ಹಲ್ಲಿಗೇ ಬೀಳುತ್ತದೆ. ಎರಡನ್ನೂ ಒಟ್ಟಿಗೆ ಮಾಡಲೇಬೇಡಿ.

ಈಗ ಡ್ರಿಲ್ಲಿಂಗ್ ಮೆಷಿನ್ನಿನ 18 ವೋಲ್ಟ್ ಲಿಥಿಯಂ ಬ್ಯಾಟರಿ ಹಾಕುವವರು ಜಾಸ್ತಿಯಾಗಿದ್ದಾರೆ. ಹಗುರ, ಕಳಚುವುದೂ ಸುಲಭ, ಒಪ್ಪುತ್ತೇನೆ. ಆದರೆ ಮೇಲೆ 18 ಅಂತ ಬರೆದಿದ್ದರೂ ಪೂರ್ತಿ ಚಾರ್ಜ್ ಆದಾಗ ಅದು 21 ವೋಲ್ಟ್ ಕೊಡುತ್ತದೆ. ಒಳಗೆ ಐದು ಸೆಲ್, ಒಂದೊಂದಕ್ಕೆ 4.2. ಇನ್ನು ಚಾರ್ಜ್ ತೀರಾ ಇಳಿದಾಗ ನಿಲ್ಲಿಸುವ ಏರ್ಪಾಡು ಎಷ್ಟೋ ಸಲ ಡ್ರಿಲ್ಲಿನಲ್ಲಿರುತ್ತದೆ, ಬ್ಯಾಟರಿಯಲ್ಲಿರುವುದಿಲ್ಲ. ಕಾರಿಗೆ ಹಾಕಿದಾಗ ತಡೆಯುವವರೇ ಇಲ್ಲದೆ ಸೆಲ್ಲುಗಳು ಕೆಡುತ್ತವೆ. ಅದಕ್ಕೊಂದು ಕಟ್‌ಆಫ್ ಬೋರ್ಡ್ ಹಾಕಿಸಬೇಕು. ಚಾರ್ಜ್ ಮಾಡುವಾಗ ಅದನ್ನು ಸೀಟಿನ ಕೆಳಗಿಂದ ಹೊರಗೆ ತೆಗೆದು, ಅದರದ್ದೇ ಚಾರ್ಜರಿನಲ್ಲಿ ಮಾಡಿ.

ಫ್ಯೂಸ್ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗೇ ಹೇಳುತ್ತೇನೆ. ದೊಡ್ಡ ಬ್ಯಾಟರಿ ಹಾಕಿದಾಗ ಫ್ಯೂಸ್ ಪದೇ ಪದೇ ಹೋಗುತ್ತದೆ. ಬೇಜಾರಾಗಿ ಆ ಜಾಗಕ್ಕೆ ತಂತಿ ಸುತ್ತಿ ಕೊಡುವವರನ್ನು ಕಂಡಿದ್ದೇನೆ. ಮಗು ಕೂರುವುದು ಆ ವೈರುಗಳ ಮೇಲೆಯೇ ಅಲ್ವಾ? ವೈರು ಕಾದು ಹೊತ್ತಿಕೊಳ್ಳುವ ಮುಂಚೆ ಕರೆಂಟ್ ಕಡಿಯುವುದು ಆ ಫ್ಯೂಸ್ ಒಂದೇ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಮಾಡಿಸಿಕೊಳ್ಳಲೂ ಬೇಡಿ.

ಈಗ ನಿಲ್ಲುವ ವಿಷಯ. ಇಂಥ ಹೆಚ್ಚಿನ ಕಾರುಗಳಲ್ಲಿ ಸ್ಕೂಟರಿಗಿರುವಂಥ ಬ್ರೇಕ್ ಇರುವುದಿಲ್ಲ. ಮಗು ಕಾಲು ತೆಗೆದಾಗ ಪೆಡಲ್ ಸ್ವಿಚ್ಚು ಮೋಟಾರಿನ ಎರಡು ವೈರನ್ನು ಒಂದಕ್ಕೊಂದು ಸೇರಿಸುತ್ತದೆ. ತಿರುಗುತ್ತಿರುವ ಮೋಟಾರು ಆಗ ಡೈನಮೋ ಆಗಿ ತನ್ನನ್ನು ತಾನೇ ತಡೆಯುತ್ತದೆ. ಕಾರಿನ ಕಂಟ್ರೋಲ್ ಬೋರ್ಡ್ ಬದಲಾಯಿಸುವಾಗ, ಸ್ವಿಚ್ ಬಿಟ್ಟು ನೇರವಾಗಿ ವೈರ್ ಎಳೆಯುವಾಗ, ಈ ಏರ್ಪಾಡು ತಪ್ಪಿಹೋಗಬಹುದು. ಆಗ ಕಾಲು ತೆಗೆದರೂ ಕಾರು ಉರುಳುತ್ತಲೇ ಇರುತ್ತದೆ. ನಮ್ಮ ಊರು ಪೂರ್ತಿ ಮಟ್ಟವಾಗಿಲ್ಲ. ಬೆಟ್ಟದ ಕಡೆಯ ಬಡಾವಣೆಗಳಲ್ಲಿ ಮನೆ ಮುಂದಿನ ರಸ್ತೆಯೇ ಇಳಿಜಾರು. ಗಂಟೆಗೆ 10 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 2.8 ಮೀಟರ್. ಮಗುವಿಗೆ ಹೊಳೆದು ಕಾಲು ತೆಗೆಯುವಷ್ಟರಲ್ಲಿ ಒಂದು ಕೋಣೆಯಷ್ಟು ದೂರ ಹೋಗಿಯೇ ಬಿಟ್ಟಿರುತ್ತದೆ. ಸ್ಪೀಡ್ ಎರಡರಷ್ಟಾದರೆ ಡಿಕ್ಕಿಯ ಪೆಟ್ಟಿನಲ್ಲಿರುವ ಶಕ್ತಿ ನಾಲ್ಕರಷ್ಟು.

ಅದಕ್ಕೇ 12 ವೋಲ್ಟಿನ ಕಾರಿಗೆ 24 ಹಾಕಲು ನಾನು ಒಪ್ಪುವುದಿಲ್ಲ. ಹಟಕ್ಕೆ ಒಂದು ಮಿತಿಯೊಳಗೆ ಮಣಿಯುವುದಾದರೆ 18ಕ್ಕೆ ನಿಲ್ಲಿಸಿ. ನಿಧಾನವಾಗಿ ವೇಗ ಹಿಡಿಸುವ ಕಂಟ್ರೋಲರ್ ಹಾಕಿಸಿ. ಅದು ಒಮ್ಮೆಲೇ ಜಿಗಿಯಲು ಬಿಡುವುದಿಲ್ಲ, ಗೇರೂ ಉಳಿಯುತ್ತದೆ. ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ ವೈರಿಗೆ ತಕ್ಕ ಫ್ಯೂಸ್ ಇರಲಿ. ರಿಮೋಟ್ ದೊಡ್ಡವರ ಕೈಯಲ್ಲಿರಲಿ, ಸ್ಟಾಪ್ ಬಟನ್ ಕೆಲಸ ಮಾಡುತ್ತದೆಯೇ ಅಂತ ಪ್ರತಿ ಸಲ ನೋಡಿ. ಸೀಟ್ ಬೆಲ್ಟ್, ಹೆಲ್ಮೆಟ್ ಹೇಳಬೇಕಾಗಿಯೇ ಇಲ್ಲ. ಬೀದಿಗಂತೂ ಬೇಡ, ಗೇಟು ಹಾಕಿದ ಅಂಗಳ ಅಥವಾ ಮಟ್ಟವಾದ ಮೈದಾನ ಸಾಕು.

ಕೆಲಸ ಮುಗಿಸಿದ ಮೇಲೆ ಮಗುವನ್ನು ಕೂರಿಸುವ ಮುಂಚೆ ಮಗುವಿನ ತೂಕದ ಒಂದು ಅಕ್ಕಿ ಚೀಲ ಕೂರಿಸಿ ಬೆಲ್ಟ್ ಹಾಕಿ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ. ರಿಮೋಟಿನಲ್ಲಿ ಪೂರ್ತಿ ಸ್ಪೀಡಿನಲ್ಲಿ ಓಡಿಸಿ, ಗೆರೆ ಮುಟ್ಟಿದ ಕೂಡಲೇ ಬಿಡಿ. ನಿಂತ ಜಾಗಕ್ಕೆ ಗುರುತು ಹಾಕಿ. ಹಳೇ ಬ್ಯಾಟರಿಯಲ್ಲೂ ಇದೇ ಪರೀಕ್ಷೆ ಮಾಡಿ, ಎರಡು ಗುರುತುಗಳನ್ನೂ ಮನೆಯವರಿಗೆ ತೋರಿಸಿ. ಅಂತರ ನೋಡಿದ ಮೇಲೆ ಬೇಕೋ ಬೇಡವೋ ಅನ್ನುವುದನ್ನು ಮಗುವಿನ ಅಮ್ಮನೋ ಅಜ್ಜಿಯೋ ನಿಮಗೆ ಹೇಳುತ್ತಾರೆ. ಹತ್ತು ನಿಮಿಷ ಓಡಿಸಿದ ಮೇಲೆ ಮೋಟಾರಿನ ಹತ್ತಿರ ಮೆಲ್ಲಗೆ ಬೆರಳು ತಂದು ನೋಡಿ. ಮುಟ್ಟಿ ಹಿಡಿಯಲಾಗದಷ್ಟು ಬಿಸಿ ಇದ್ದರೆ ಆ ಕಾರಿಗೆ 18 ಕೂಡ ಜಾಸ್ತಿ. ಹಳೇ 12ನ್ನೇ ವಾಪಸ್ ಹಾಕಿ, ತಿಂಗಳಿಗೊಮ್ಮೆ ಮರೆಯದೆ ಚಾರ್ಜ್ ಮಾಡಿ.

ನಮಸ್ಕಾರ.