ಬಸ್ ಟಿಕೆಟಿನ ಹಣ ಯಾರು ಕೊಟ್ಟರು?

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಳಗ್ಗೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನೀವು ಉಡುಪಿಯ ಬಸ್ಸಿಗೆ ಕಾಯುತ್ತಿರುವಾಗ, ಹುಡುಗನೊಬ್ಬ ಆ ದಿನದ ಪತ್ರಿಕೆಯನ್ನು ಕೈಗಿತ್ತು, ಹಣ ಕೇಳದೆ ಮುಂದೆ ಹೋದನೆಂದು ಭಾವಿಸಿ. ಸುರತ್ಕಲ್ ತಲಪುವಷ್ಟರಲ್ಲಿ ಅದನ್ನು ಓದಿ ಮುಗಿಸುತ್ತೀರಿ, ಇಳಿಯುವಾಗ ಸೀಟಿನ ಮೇಲೆಯೇ ಬಿಟ್ಟುಬಿಡುತ್ತೀರಿ. ನಮ್ಮಲ್ಲಿ ಇದು ಕಲ್ಪನೆ. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದಲ್ಲಿ 1995ರ ಫೆಬ್ರವರಿಯಿಂದ ಇದು ನಿಜವಾಗಿಯೇ ನಡೆಯಿತು. ಅಲ್ಲಿಯ ಸುರಂಗ ರೈಲು ನಿಲ್ದಾಣಗಳಲ್ಲಿ ‘ಮೆಟ್ರೋ’ ಎಂಬ ದಿನಪತ್ರಿಕೆ ಉಚಿತವಾಗಿ ಸಿಗತೊಡಗಿತು. 1999ರಲ್ಲಿ ಅದೇ ಹೆಸರಿನ, ಬೇರೆ ಒಡೆತನದ ಪತ್ರಿಕೆಯೊಂದು ಲಂಡನ್ನಿನಲ್ಲಿ ಹುಟ್ಟಿಕೊಂಡಿತು. ಆ ವರ್ಷವೇ ಜ್ಯೂರಿಚ್‌ನಲ್ಲಿ ಬಂದ ಪತ್ರಿಕೆಯ ಹೆಸರು ‘20 ಮಿನುಟೆನ್’, ಅಂದರೆ ಇಪ್ಪತ್ತು ನಿಮಿಷ. ಕಚೇರಿಯ ದಾರಿಯಲ್ಲಿ ಓದಿ ಮುಗಿಯಬೇಕು ಎಂಬುದೇ ಅದರ ಲೆಕ್ಕ.

ಇಂಥ ಪತ್ರಿಕೆಯ ಖರ್ಚೆಲ್ಲ ಜಾಹೀರಾತಿನಿಂದ ಹುಟ್ಟಬೇಕು. ಆದ್ದರಿಂದ ಸಿಬ್ಬಂದಿ ಕಡಿಮೆ, ಸುದ್ದಿ ಚಿಕ್ಕದು, ಅದರಲ್ಲಿಯೂ ಬಹುಪಾಲು ಸುದ್ದಿಸಂಸ್ಥೆಗಳಿಂದ ಬಂದದ್ದು. ಅದುವರೆಗೆ ಪತ್ರಿಕೆಯನ್ನೇ ಮುಟ್ಟದಿದ್ದ ಎಷ್ಟೋ ಯುವಕರು ಓದಿದರು ಎಂಬುದನ್ನು ನಾನು ಸಂತೋಷದಿಂದ ಒಪ್ಪುತ್ತೇನೆ. ಆದರೆ ನನ್ನ ಪ್ರಶ್ನೆ ಒಂದೇ: ಸುದ್ದಿ ಇರುವಲ್ಲಿಗೆ ಹೋಗಿಬರುವ ವರದಿಗಾರನ ಬಸ್ ಟಿಕೆಟಿನ ಹಣ ಯಾರು ಕೊಟ್ಟರು?

ಈ ಪ್ರಶ್ನೆ ನನಗೆ ಹೊಳೆದದ್ದು ಯಾವುದೋ ಪುಸ್ತಕದಿಂದಲ್ಲ. ನಾನು ಉಪಸಂಪಾದಕನಾಗಿ ರಾತ್ರಿ ಪಾಳಿಯಲ್ಲಿ ದುಡಿಯುತ್ತಿದ್ದ ಕಾಲದಲ್ಲಿ, ನಮ್ಮ ಪತ್ರಿಕೆ ಅಡಿಕೆ ಧಾರಣೆಯನ್ನು ದೂರವಾಣಿಯಲ್ಲಿ ಕೇಳಿ ಬರೆದುಕೊಳ್ಳುತ್ತಿತ್ತು. ಒಂದು ರಾತ್ರಿ ಲೈನ್ ಸಿಗಲಿಲ್ಲ. ಹಿಂದಿನ ದಿನದ ಅಂಕಿಗಳನ್ನೇ ನಾನು ಪುಟಕ್ಕೆ ಸೇರಿಸಿಬಿಟ್ಟೆ. ಮರುದಿನ ಬೆಳಗ್ಗೆ ಪುತ್ತೂರು ಕಡೆಯ ಕೃಷಿಕರೊಬ್ಬರು ಮೊದಲ ಬಸ್ಸಿಗೇ ಹೊರಟು ಕಚೇರಿಗೆ ಬಂದರು. ಎರಡು ದಿನದ ಪತ್ರಿಕೆಗಳನ್ನೂ ನೀಟಾಗಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಮೇಜಿನ ಮೇಲೆ ಅವನ್ನು ಪಕ್ಕಪಕ್ಕ ಹರಡಿ, ಡಬ್ಬಲ್ ಚೋಲು ಎಂಬ ಅಡಿಕೆ ದರ್ಜೆಯ ಸಾಲಿನ ಮೇಲೆ ಬೆರಳಿಟ್ಟು, “ಇದು ನಾನು ಹಣ ಕೊಟ್ಟು ತೆಗೊಂಡ ಪೇಪರು ಮಾರಾಯ್ರೇ, ನಿನ್ನೆಯ ರೇಟನ್ನೇ ಇವತ್ತೂ ಹಾಕಿದ್ದೀರಲ್ಲ?” ಎಂದರು. ಧ್ವನಿ ಏರಿಸಲಿಲ್ಲ. ಬೆರಳನ್ನು ಮಾತ್ರ ಆ ಸಾಲಿನಿಂದ ತೆಗೆಯಲಿಲ್ಲ. ಉಗುರಿನ ಸಂದಿಯಲ್ಲಿ ಅಡಿಕೆಯ ಚೊಗರಿನ ಕಪ್ಪು ಕಲೆ ಇದ್ದದ್ದು ಇಂದಿಗೂ ನನ್ನ ಕಣ್ಣಮುಂದಿದೆ. ನಮ್ಮ ಸಂಪಾದಕರು ಅವರನ್ನು ಕೂರಿಸಿ, ಕಾಫಿ ತರಿಸಿ, ತಪ್ಪೊಪ್ಪಿಕೊಂಡರು. ಅಂದಿನಿಂದ ಪ್ರತಿ ಸಂಜೆ ಒಬ್ಬ ವರದಿಗಾರ ಬಂದರಿನ ಅಡಿಕೆ ಮಂಡಿಗಳಿಗೆ ತಾನೇ ಹೋಗಿ ಧಾರಣೆ ಬರೆದು ತರಬೇಕೆಂದು ಕಟ್ಟುನಿಟ್ಟಾಯಿತು. ಹೋದವನು ಬರೀ ಧಾರಣೆ ತರಲಿಲ್ಲ. ತೂಕದ ತಕರಾರು, ಬಾಕಿ ಹಣ, ಮಳೆಗೆ ನೆನೆದ ಮೂಟೆಗಳ ಸುದ್ದಿಯನ್ನೂ ತಂದ. ಅವನ ಟಿಕೆಟಿನ ಹಣ ಕೊಟ್ಟವರು ಆ ಕೃಷಿಕರು ಮತ್ತು ಅವರಂತೆ ಪತ್ರಿಕೆ ಕೊಂಡವರು.

ಉಚಿತವಾಗಿ ಸಿಕ್ಕ ಹಾಳೆಯಲ್ಲಿ ಆ ಧಾರಣೆ ತಪ್ಪಾಗಿದ್ದರೆ ಅವರು ಬಸ್ ಹತ್ತಿ ಬರುತ್ತಿರಲಿಲ್ಲ. ಬಂದರೂ, ಯಾವ ಅಧಿಕಾರದಿಂದ ಬೆರಳಿಡುತ್ತಿದ್ದರು?

ಸಮಯ ಸರಿಯುತ್ತಿದೆ, ಲಂಡನ್ನಿನ ಕಥೆಯನ್ನು ಚುಟುಕಾಗಿ ಹೇಳುತ್ತೇನೆ. 2006ರಲ್ಲಿ ಅಲ್ಲಿ ಸಂಜೆಯ ಹೊತ್ತು ಹಂಚುವ ಎರಡು ಉಚಿತ ಪತ್ರಿಕೆಗಳು ಪೈಪೋಟಿಗೆ ಇಳಿದವು. 2009ರಲ್ಲಿ ಎರಡೂ ಮುಚ್ಚಿದವು. ಅಷ್ಟರಲ್ಲಿ ಬೆಲೆಗೆ ಮಾರುತ್ತಿದ್ದ, 1827ರಷ್ಟು ಹಳೆಯ ‘ಈವ್ನಿಂಗ್ ಸ್ಟ್ಯಾಂಡರ್ಡ್’ ಪತ್ರಿಕೆಯೂ ಆ ವರ್ಷದ ಅಕ್ಟೋಬರಿನಲ್ಲಿ ಉಚಿತವಾಯಿತು. 2024ರಲ್ಲಿ ಅದರ ದೈನಿಕ ಮುದ್ರಣ ನಿಂತು, ಅದು ವಾರಪತ್ರಿಕೆಯಾಯಿತು. ಸ್ವೀಡನ್ನಿನ ‘ಮೆಟ್ರೋ’ ಮುದ್ರಣ 2019ರಲ್ಲಿಯೇ ನಿಂತಿತ್ತು. ಜಾಹೀರಾತು ಮೊಬೈಲಿಗೆ ಹೋದ ಮೇಲೆ ಅವುಗಳ ಕೈಹಿಡಿಯುವ ಚಂದಾದಾರ ಇರಲಿಲ್ಲ.

ನಮ್ಮ ಊರು ಇದಕ್ಕೆ ತೀರಾ ವಿರುದ್ಧವಾದ ಪ್ರಯತ್ನವನ್ನೂ ಕಂಡಿದೆ. 1984ರಲ್ಲಿ ಪತ್ರಕರ್ತ ವಡ್ಡರ್ಸೆ ರಘುರಾಮ ಶೆಟ್ಟರು ಓದುಗರಿಂದಲೇ ಷೇರು ಹಣ ಕೂಡಿಸಿ ಮಂಗಳೂರಿನಲ್ಲಿ ‘ಮುಂಗಾರು’ ದಿನಪತ್ರಿಕೆಯನ್ನು ಕಟ್ಟಿದರು. ಹಣದ ಮುಗ್ಗಟ್ಟು ಅದನ್ನೂ ಬಿಡಲಿಲ್ಲ. ಆದರೂ ಅಲ್ಲಿ ಟಿಕೆಟಿನ ಹಣ ಯಾರದೆಂದು ವರದಿಗಾರನಿಗೆ ಗೊತ್ತಿತ್ತು, ಓದುಗನಿಗೂ ಗೊತ್ತಿತ್ತು.

ಇಂದು ನಿಮ್ಮ ಮೊಬೈಲಿಗೆ ಸುದ್ದಿ ಉಚಿತವಾಗಿಯೇ ಬಂದು ಬೀಳುತ್ತದೆ. ನಿಮ್ಮ ಗ್ರಾಮಸಭೆಯ ಸುದ್ದಿ ಅದರಲ್ಲಿ ಕೊನೆಯ ಬಾರಿ ಬಂದದ್ದು ಯಾವಾಗ, ಅದನ್ನು ಬರೆಯಲು ಯಾರು ಅಲ್ಲಿಗೆ ಬಂದಿದ್ದರು ಎಂದು ದಯವಿಟ್ಟು ಇವತ್ತೇ ಒಮ್ಮೆ ನೋಡಿ. ನಮಸ್ಕಾರ.